ಎರಡು ವಾರ್ಡುಗಳ ಒಗಟು

ಮಕ್ಕಳೇ, ಮೊದಲು ಒಂದು ಲೆಕ್ಕ ಮಾಡಿ. ಪೆನ್ಸಿಲ್ ಕೈಗೆತ್ತಿಕೊಳ್ಳಿ.

ಒಂದು ದೊಡ್ಡ ಆಸ್ಪತ್ರೆ. ಅದರಲ್ಲಿ ಹೆರಿಗೆಗೆಂದು ಎರಡು ವಾರ್ಡುಗಳಿವೆ. 1846ರಲ್ಲಿ ಒಂದನೇ ವಾರ್ಡಿನಲ್ಲಿ 4010 ಹೆರಿಗೆಗಳಾದವು. ಆ ತಾಯಂದಿರಲ್ಲಿ 459 ಮಂದಿ ತೀರಿಕೊಂಡರು. ಅದೇ ವರ್ಷ ಎರಡನೇ ವಾರ್ಡಿನಲ್ಲಿ 3754 ಹೆರಿಗೆಗಳಾದವು. ಅಲ್ಲಿ ತೀರಿಕೊಂಡವರು 105 ಮಂದಿ. ಎರಡೂ ವಾರ್ಡುಗಳ ಸಾವಿನ ಶೇಕಡಾ ಪ್ರಮಾಣ ಎಷ್ಟು?

ಉತ್ತರ ಬಂತೇ? ಒಂದನೇ ವಾರ್ಡಿನಲ್ಲಿ ಶೇಕಡಾ 11.4, ಎರಡನೆಯದರಲ್ಲಿ ಶೇಕಡಾ 2.8. ಅಂದರೆ ಒಂದು ವಾರ್ಡಿನಲ್ಲಿ ಇನ್ನೊಂದಕ್ಕಿಂತ ನಾಲ್ಕು ಪಟ್ಟು ಸಾವು! ಎರಡೂ ಒಂದೇ ಆಸ್ಪತ್ರೆಯಲ್ಲಿದ್ದವು. ಬರುತ್ತಿದ್ದವರು ಅದೇ ಊರಿನ ಬಡ ಹೆಂಗಸರು. ಸಾಮಾನ್ಯವಾಗಿ ಒಂದು ದಿನ ಬಂದವರನ್ನು ಒಂದನೇ ವಾರ್ಡಿಗೆ, ಮರುದಿನ ಬಂದವರನ್ನು ಎರಡನೇ ವಾರ್ಡಿಗೆ ಸೇರಿಸುತ್ತಿದ್ದರು. ಹಾಗಿದ್ದರೆ ಈ ವ್ಯತ್ಯಾಸ ಎಲ್ಲಿಂದ ಬಂತು?

ಇದು ಕಟ್ಟುಕತೆಯ ಲೆಕ್ಕವಲ್ಲ. ಆ ಆಸ್ಪತ್ರೆ ಇದ್ದದ್ದು ಯುರೋಪಿನ ಆಸ್ಟ್ರಿಯಾ ದೇಶದ ರಾಜಧಾನಿ ವಿಯೆನ್ನಾದಲ್ಲಿ. ಈ ಒಗಟನ್ನು ಬಿಡಿಸಿದವರು ಹಂಗೇರಿಯ ಬುಡಾ ನಗರದಲ್ಲಿ 1818ರಲ್ಲಿ ಹುಟ್ಟಿದ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯರು. 1846ರಲ್ಲಿ ಒಂದನೇ ವಾರ್ಡಿಗೆ ಸಹಾಯಕ ವೈದ್ಯರಾಗಿ ಸೇರಿದಾಗ ಅವರಿಗೆ ವಯಸ್ಸು 28.

ತಾಯಂದಿರು ಸಾಯುತ್ತಿದ್ದದ್ದು ಹೆರಿಗೆಯಾದ ಕೆಲವೇ ದಿನಗಳಲ್ಲಿ ಬರುವ ಜ್ವರದಿಂದ. ಮೈ ಕೆಂಡದಂತೆ ಸುಡುತ್ತಿತ್ತು, ಹೊಟ್ಟೆ ಉಬ್ಬುತ್ತಿತ್ತು, ತಡೆಯಲಾಗದ ನೋವು. ನಮ್ಮ ಹಳ್ಳಿಗಳಲ್ಲಿ ಹಿರಿಯರು ಇದನ್ನು ಬಾಣಂತಿ ನಂಜು ಎನ್ನುತ್ತಾರೆ. ಒಂದನೇ ವಾರ್ಡಿನ ಕೆಟ್ಟ ಹೆಸರು ಊರಿಗೆಲ್ಲಾ ಗೊತ್ತಿತ್ತು. 'ನನ್ನನ್ನು ಅಲ್ಲಿಗೆ ಮಾತ್ರ ಸೇರಿಸಬೇಡಿ' ಎಂದು ಗರ್ಭಿಣಿಯರು ಮಂಡಿಯೂರಿ ಬೇಡಿಕೊಳ್ಳುತ್ತಿದ್ದರು. ಇನ್ನೂ ವಿಚಿತ್ರ ಕೇಳಿ. ಆಸ್ಪತ್ರೆಗೆ ಬರುವ ದಾರಿಯಲ್ಲಿ, ಬೀದಿಯಲ್ಲೇ ಹೆತ್ತು ಆಮೇಲೆ ಒಂದನೇ ವಾರ್ಡಿಗೆ ಬಂದವರಿಗೆ ಈ ಜ್ವರ ಬರುವುದು ಕಡಿಮೆ! ವೈದ್ಯರಿಲ್ಲದ ಬೀದಿ, ವೈದ್ಯರಿರುವ ವಾರ್ಡಿಗಿಂತ ಸುರಕ್ಷಿತ ಎಂದರೆ ಹೇಗಿರಬೇಡ?

ಒಂದೊಂದೇ ಊಹೆಯ ಪರೀಕ್ಷೆ

ಒಂದನೇ ವಾರ್ಡಿನಲ್ಲಿ ಜನದಟ್ಟಣೆ ಹೆಚ್ಚೇ? ಇಲ್ಲ. ಎಲ್ಲರೂ ಎರಡನೆಯದನ್ನೇ ಬಯಸುತ್ತಿದ್ದುದರಿಂದ ಅಲ್ಲೇ ಹೆಚ್ಚು ಒತ್ತೊತ್ತು. ಊಟದಲ್ಲಿ ವ್ಯತ್ಯಾಸವೇ? ಅದೂ ಇಲ್ಲ. ಕೆಟ್ಟ ಗಾಳಿಯೇ? ಆ ಕಾಲದ ವೈದ್ಯರು ಹೆಚ್ಚಾಗಿ ನಂಬಿದ್ದದ್ದು ಇದನ್ನೇ. ಆದರೆ ಊರ ಮೇಲಿನ ಗಾಳಿ ಒಂದು ವಾರ್ಡಿನೊಳಗೆ ಮಾತ್ರ ಹೇಗೆ ನುಗ್ಗೀತು?

ಇನ್ನೊಂದು ಊಹೆ ನಿಮಗೆ ನಗು ತರಿಸಬಹುದು. ಸಾಯುವವರಿಗೆ ಪ್ರಾರ್ಥನೆ ಸಲ್ಲಿಸಲು ಪಾದ್ರಿಯೊಬ್ಬರು ಒಂದನೇ ವಾರ್ಡಿನ ಕೋಣೆಗಳನ್ನು ಹಾದುಹೋಗುತ್ತಿದ್ದರು. ಅವರ ಮುಂದೆ ಒಬ್ಬ ಗಂಟೆ ಬಾರಿಸುತ್ತಾ ನಡೆಯುತ್ತಿದ್ದ. ಆ ಸದ್ದಿಗೆ ಹೆದರಿಯೇ ಬಾಣಂತಿಯರು ಜ್ವರ ಬೀಳುತ್ತಾರೆ ಎಂದು ಕೆಲವರು ಹೇಳಿದರು. ಸೆಮ್ಮೆಲ್‌ವೈಸ್ ನಗಲಿಲ್ಲ, ಪರೀಕ್ಷಿಸಿದರು. ಗಂಟೆ ಬಾರಿಸದೆ, ಬೇರೆ ದಾರಿಯಿಂದ ಬರುವಂತೆ ಪಾದ್ರಿಯವರನ್ನು ಒಪ್ಪಿಸಿದರು. ಸಾವು ಕಡಿಮೆಯಾಗಲಿಲ್ಲ. ಹೆರಿಗೆಯ ಸಮಯದಲ್ಲಿ ಎರಡನೇ ವಾರ್ಡಿನವರು ಮಗ್ಗುಲಾಗಿ ಮಲಗುತ್ತಿದ್ದರು, ಒಂದನೆಯದರಲ್ಲಿ ಅಂಗಾತ ಮಲಗುತ್ತಿದ್ದರು. ಅದನ್ನೂ ಬದಲಿಸಿ ನೋಡಿದರು. ಪ್ರಯೋಜನವಾಗಲಿಲ್ಲ.

ಇಲ್ಲಿ ಅವರ ಕ್ರಮವನ್ನು ಗಮನಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಆಮೇಲೆ ಪಕ್ಕದ ವಾರ್ಡಿನೊಡನೆ ಹೋಲಿಸಿ ನೋಡುವುದು. ನೀವು ಬೀಜ ಮೊಳೆಯುವ ಪ್ರಯೋಗದಲ್ಲಿ ಒಂದು ಕುಂಡಕ್ಕೆ ನೀರು ಹಾಕಿ ಇನ್ನೊಂದಕ್ಕೆ ಹಾಕದೆ ಬಿಡುತ್ತೀರಲ್ಲ, ಹಾಗೆಯೇ. ಇಲ್ಲಿ ಎರಡನೇ ವಾರ್ಡೇ ಹೋಲಿಕೆಯ ಕುಂಡ.

ಉಳಿದ ವ್ಯತ್ಯಾಸ ಒಂದೇ. 1840ರಿಂದ ಒಂದನೇ ವಾರ್ಡಿನಲ್ಲಿ ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದರು, ಎರಡನೆಯದರಲ್ಲಿ ಸೂಲಗಿತ್ತಿಯಾಗಲು ತರಬೇತಿ ಪಡೆಯುವ ಹೆಂಗಸರು. ಅದಕ್ಕೇನು? ವಿದ್ಯಾರ್ಥಿಗಳ ಕೈ ಒರಟು ಎಂದರು ಕೆಲವರು. ಅದೂ ಸರಿಹೊಂದಲಿಲ್ಲ.

ಚಾಕುವಿನ ಒಂದು ಗೀರು

1847ರ ಮಾರ್ಚ್ ತಿಂಗಳಲ್ಲಿ ಸೆಮ್ಮೆಲ್‌ವೈಸ್ ಅವರ ಸ್ನೇಹಿತರಾದ ಕೊಲೆಚ್ಕಾ ಎಂಬ ಪ್ರಾಧ್ಯಾಪಕರು ತೀರಿಕೊಂಡರು. ಶವಪರೀಕ್ಷೆ ಮಾಡಿಸುವಾಗ ವಿದ್ಯಾರ್ಥಿಯೊಬ್ಬನ ಚಾಕು ಅವರ ಬೆರಳಿಗೆ ತಗುಲಿತ್ತು. ಸಣ್ಣ ಗಾಯ, ಅಷ್ಟೇ. ಆದರೆ ನಂಜೇರಿ ಕೆಲವೇ ದಿನಗಳಲ್ಲಿ ಪ್ರಾಣ ಹೋಯಿತು. ಅವರ ಶವಪರೀಕ್ಷೆಯ ವರದಿ ಓದಿದ ಸೆಮ್ಮೆಲ್‌ವೈಸ್ ಬೆಚ್ಚಿದರು. ದೇಹದೊಳಗೆ ಕಂಡ ಕೆಡುಕೆಲ್ಲವೂ ಬಾಣಂತಿಯರ ದೇಹದಲ್ಲಿ ಕಂಡದ್ದೇ! ಕೊಲೆಚ್ಕಾ ಗಂಡಸು, ಬಾಣಂತಿಯಲ್ಲ. ಆದರೂ ರೋಗ ಅದೇ.

ಆಗ ತುಂಡುಗಳೆಲ್ಲ ಜೋಡಿಕೊಂಡವು. ವೈದ್ಯರೂ ವಿದ್ಯಾರ್ಥಿಗಳೂ ಶವಪರೀಕ್ಷೆ ಮುಗಿಸಿ ನೇರವಾಗಿ ಹೆರಿಗೆ ವಾರ್ಡಿಗೆ ಬರುತ್ತಿದ್ದರು. ಅದೇ ಕೈಯಿಂದ ಗರ್ಭಿಣಿಯರನ್ನು ಪರೀಕ್ಷಿಸುತ್ತಿದ್ದರು. ಸೂಲಗಿತ್ತಿಯರು ಶವ ಮುಟ್ಟುತ್ತಿರಲಿಲ್ಲ. ಬೀದಿಯಲ್ಲಿ ಹೆತ್ತವರನ್ನು ಹೆರಿಗೆಗೆ ಮುಂಚೆ ಯಾರೂ ಪರೀಕ್ಷಿಸುತ್ತಿರಲಿಲ್ಲ. ಕೊಲ್ಲುವ ವಸ್ತು ಗಾಳಿಯಲ್ಲಿರಲಿಲ್ಲ, ಗಂಟೆಯ ಸದ್ದಿನಲ್ಲೂ ಇರಲಿಲ್ಲ. ಅದು ವೈದ್ಯರ ಕೈಯಲ್ಲಿತ್ತು. ತಮ್ಮ ಸ್ವಂತ ಕೈಯಲ್ಲೂ ಇತ್ತೆಂದು ಅವರೇ ಆಮೇಲೆ ಬರೆದರು.

ಹಾಗಾದರೆ ಅವರು ಕೈ ತೊಳೆಯುತ್ತಲೇ ಇರಲಿಲ್ಲವೇ ಎಂದು ನೀವು ಕೇಳಬಹುದು. ತೊಳೆಯುತ್ತಿದ್ದರು, ಸೋಪಿನಿಂದಲೇ. ಆದರೆ ಬೇಗಬೇಗ ತೊಳೆದ ಮೇಲೂ ಕೈಯಲ್ಲಿ ಶವದ ವಾಸನೆ ಉಳಿಯುತ್ತಿತ್ತು. ವಾಸನೆ ಉಳಿದಿದೆಯೆಂದರೆ ವಾಸನೆ ಕೊಡುವ ವಸ್ತುವೂ ಉಳಿದಿದೆ ಎಂದು ಸೆಮ್ಮೆಲ್‌ವೈಸ್ ತರ್ಕಿಸಿದರು. ವಾಸನೆ ಹೋಗಲಾಡಿಸುವ ಕ್ಲೋರಿನ್ ದ್ರಾವಣವನ್ನು ಬೇಸಿನ್ನಿನಲ್ಲಿ ಇಡಿಸಿದರು. ನಮ್ಮ ಊರಿನ ಬಾವಿಗೆ, ನೀರಿನ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪೌಡರ್ ಇದೆಯಲ್ಲ, ಅದೇ ಜಾತಿಯದು. 1847ರ ಮೇ ತಿಂಗಳ ನಡುವಿನಿಂದ, ಅದರಲ್ಲಿ ಕೈ ಉಜ್ಜಿ ತೊಳೆಯದೆ ಯಾರೂ ವಾರ್ಡಿನೊಳಗೆ ಕಾಲಿಡುವಂತಿಲ್ಲ ಎಂಬ ನಿಯಮ ಬಂತು.

ಏಪ್ರಿಲ್‌ನಲ್ಲಿ ಆ ವಾರ್ಡಿನಲ್ಲಿ ಸತ್ತವರು 57. ಜೂನ್‌ನಲ್ಲಿ 6. ಜುಲೈನಲ್ಲಿ 3. ಮರುವರ್ಷ, ಅಂದರೆ 1848ರಲ್ಲಿ, 3556 ಹೆರಿಗೆಗಳಿಗೆ 45 ಸಾವು. ಇದರ ಶೇಕಡಾ ಪ್ರಮಾಣವನ್ನು ನೀವೇ ಲೆಕ್ಕ ಹಾಕಿ, ಮೇಲಿನದರ ಪಕ್ಕದಲ್ಲಿ ಬರೆದು ನೋಡಿ. ಆ ವರ್ಷದ ಎರಡು ತಿಂಗಳುಗಳಲ್ಲಿ ಒಬ್ಬ ತಾಯಿಯೂ ಸಾಯಲಿಲ್ಲ.

ನಡುವೆ ಇನ್ನೊಂದು ಪಾಠವೂ ಆಯಿತು. ಗರ್ಭಕೋಶದಲ್ಲಿ ಕೀವಿನ ಹುಣ್ಣಿದ್ದ ಒಬ್ಬ ರೋಗಿಯನ್ನು ಪರೀಕ್ಷಿಸಿದ ವೈದ್ಯರು, ನಡುವೆ ಸೋಪಿನಿಂದ ಮಾತ್ರ ಕೈ ತೊಳೆದುಕೊಂಡು, ಸಾಲಿನಲ್ಲಿದ್ದ ಇತರರನ್ನು ಪರೀಕ್ಷಿಸಿದರು. ಅವರಲ್ಲಿ ಹನ್ನೊಂದು ಮಂದಿ ತೀರಿಕೊಂಡರು. ನಂಜು ಬರುವುದು ಶವದಿಂದ ಮಾತ್ರವಲ್ಲ, ಒಬ್ಬ ಜೀವಂತ ರೋಗಿಯಿಂದ ಇನ್ನೊಬ್ಬರಿಗೂ ಬರುತ್ತದೆ ಎಂಬುದು ಹೀಗೆ ತಿಳಿಯಿತು. ಅಂದಿನಿಂದ ಪ್ರತಿ ರೋಗಿಯ ನಡುವೆಯೂ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯುವುದು ಕಡ್ಡಾಯವಾಯಿತು.

ನಂಬದೇ ಹೋದರು

ಇಷ್ಟು ಸ್ಪಷ್ಟ ಫಲಿತಾಂಶ ಕಂಡ ಮೇಲೆ ಎಲ್ಲ ವೈದ್ಯರೂ ಕೈ ತೊಳೆಯಲು ಓಡಿರಬೇಕು ಅಂದುಕೊಂಡಿರಾ? ಇಲ್ಲ. ಕಣ್ಣಿಗೆ ಕಾಣದ ವಸ್ತು ಕೊಲ್ಲುತ್ತದೆ ಎಂದರೆ ಹಲವರು ಒಪ್ಪಲಿಲ್ಲ. ಅದು ಯಾವ ವಸ್ತು ಎಂದು ಕೇಳಿದರೆ ಸೆಮ್ಮೆಲ್‌ವೈಸ್ ಅವರಿಗೂ ಸರಿಯಾಗಿ ಹೇಳಲಾಗಲಿಲ್ಲ. ಬ್ಯಾಕ್ಟೀರಿಯಗಳಿಂದ ಇಂಥ ರೋಗ ಬರುತ್ತದೆ ಎಂಬುದನ್ನು ಆಗ ಯಾರೂ ತೋರಿಸಿಕೊಟ್ಟಿರಲಿಲ್ಲವಲ್ಲ! 'ನಮ್ಮ ಕೈಯೇ ರೋಗಿಗಳನ್ನು ಕೊಂದಿತು' ಎಂದು ಒಪ್ಪಿಕೊಳ್ಳುವುದು ದೊಡ್ಡ ದೊಡ್ಡ ವೈದ್ಯರಿಗೆ ಸುಲಭವಾಗಿರಲಿಲ್ಲ. ಸೆಮ್ಮೆಲ್‌ವೈಸ್ ಅವರದೂ ಒಂದು ತಪ್ಪಿತ್ತು. ಕಂಡದ್ದನ್ನು ಸರಿಯಾಗಿ ಬರೆದು ಪುಸ್ತಕವಾಗಿ ಪ್ರಕಟಿಸಿದ್ದು 1861ರಲ್ಲಿ, ಹದಿನಾಲ್ಕು ವರ್ಷ ತಡವಾಗಿ. ವಿರೋಧಿಸಿದವರಿಗೆ ಅವರು ಬರೆದ ಪತ್ರಗಳಂತೂ ಬೆಂಕಿಯಂತಿದ್ದವು. ವಿಜ್ಞಾನದಲ್ಲಿ ಸರಿಯಾಗಿರುವುದರ ಜೊತೆಗೆ ಇತರರಿಗೆ ಅರ್ಥವಾಗುವಂತೆ ತಿಳಿಸುವುದೂ ಬೇಕಾಗುತ್ತದೆ.

1865ರ ಆಗಸ್ಟ್ 13ರಂದು, 47ನೇ ವಯಸ್ಸಿನಲ್ಲಿ, ವಿಯೆನ್ನಾದ ಒಂದು ಮಾನಸಿಕ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಕಾರಣ, ನಂಜೇರಿದ ಗಾಯ.

ಅದರ ಹಿಂದಿನ ದಿನ, ಆಗಸ್ಟ್ 12ರಂದು, ದೂರದ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಆಸ್ಪತ್ರೆಗೆ ನಿಮ್ಮದೇ ವಯಸ್ಸಿನ ಹುಡುಗನೊಬ್ಬ ಬಂದ. ಹೆಸರು ಜೇಮ್ಸ್ ಗ್ರೀನ್‌ಲೀಸ್, ವಯಸ್ಸು 11. ಗಾಡಿಯ ಚಕ್ರ ಹರಿದು ಕಾಲಿನ ಮೂಳೆ ಮುರಿದಿತ್ತು, ಚರ್ಮವೂ ಸೀಳಿತ್ತು. ಆಗ ಇಂಥ ಗಾಯಕ್ಕೆ ಕೀವಾಗುವುದು ಖಚಿತವೆಂದೇ ಎಣಿಸುತ್ತಿದ್ದರು. ಎಷ್ಟೋ ಸಲ ಕಾಲನ್ನೇ ಕತ್ತರಿಸುತ್ತಿದ್ದರು. ಅಲ್ಲಿದ್ದ ಜೋಸೆಫ್ ಲಿಸ್ಟರ್ ಎಂಬ ಶಸ್ತ್ರವೈದ್ಯರು ಫ್ರಾನ್ಸಿನ ಲೂಯಿ ಪಾಶ್ಚರ್ ಅವರ ಬರಹಗಳನ್ನು ಓದಿದ್ದರು. ಹಾಲು, ದ್ರಾಕ್ಷಾರಸ ಕೆಡುವುದು ಸೂಕ್ಷ್ಮಜೀವಿಗಳಿಂದ ಎಂದು ಪಾಶ್ಚರ್ ತೋರಿಸಿದ್ದರು. ಹಾಗಿದ್ದರೆ ಗಾಯ ಕೊಳೆಯುವುದೂ ಅವುಗಳಿಂದಲೇ ಇರಬಹುದಲ್ಲವೇ? ಚರಂಡಿಯ ದುರ್ವಾಸನೆ ಕಳೆಯಲು ಬಳಸುತ್ತಿದ್ದ ಕಾರ್ಬಾಲಿಕ್ ಆಮ್ಲದಲ್ಲಿ ಬಟ್ಟೆ ಅದ್ದಿ ಲಿಸ್ಟರ್ ಆ ಗಾಯಕ್ಕೆ ಕಟ್ಟಿದರು. ಕೀವಾಗಲಿಲ್ಲ. ಆರು ವಾರಗಳಲ್ಲಿ ಜೇಮ್ಸ್ ತನ್ನೆರಡೂ ಕಾಲುಗಳ ಮೇಲೆ ನಡೆದುಕೊಂಡು ಮನೆಗೆ ಹೋದ. 1867ರಲ್ಲಿ ಲಿಸ್ಟರ್ ಇದನ್ನೆಲ್ಲ ಪ್ರಕಟಿಸಿದರು.

1879ರಲ್ಲಿ ಪ್ಯಾರಿಸ್ಸಿನ ಒಂದು ಸಭೆಯಲ್ಲಿ ಬಾಣಂತಿ ನಂಜಿನ ಬಗ್ಗೆ ಚರ್ಚೆ ನಡೆಯುತ್ತಿದ್ದಾಗ, ಪಾಶ್ಚರ್ ಎದ್ದುಹೋಗಿ ಕಪ್ಪುಹಲಗೆಯ ಮೇಲೆ ಮಣಿಸರದಂತೆ ಜೋಡಿಸಿದ ಸೊನ್ನೆಗಳನ್ನು ಬರೆದು ತೋರಿಸಿದರು. ಅದೇ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯ. ವಿಯೆನ್ನಾದ ತಾಯಂದಿರನ್ನು ಕೊಂದದ್ದು ಇಂಥದೇ ಜೀವಿ.

ಸಾಸಿವೆ ಕಾಳಿಗಿಂತ ಎಷ್ಟು ಚಿಕ್ಕದು?

ಇಂಥ ಬ್ಯಾಕ್ಟೀರಿಯಗಳನ್ನು ಒಂದರ ಪಕ್ಕ ಒಂದರಂತೆ ಸಾಲಾಗಿ ಇಟ್ಟರೆ ನಿಮ್ಮ ಅಳತೆಪಟ್ಟಿಯ ಒಂದು ಮಿಲಿಮೀಟರಿನೊಳಗೆ ಸುಮಾರು ಸಾವಿರ ಹಿಡಿಯುತ್ತವೆ. ಬೆಚ್ಚಗಿನ ಜಾಗ, ತೇವ, ಆಹಾರ ಸಿಕ್ಕಿದರೆ ಕೆಲವು ಬ್ಯಾಕ್ಟೀರಿಯಗಳು 20 ನಿಮಿಷಕ್ಕೊಮ್ಮೆ ಎರಡಾಗುತ್ತವೆ. ಒಂದು ಎರಡು, ಎರಡು ನಾಲ್ಕು, ನಾಲ್ಕು ಎಂಟು. ಹೀಗೇ ಏಳು ಗಂಟೆ ಗುಣಿಸುತ್ತಾ ಹೋಗಿ. ಇಪ್ಪತ್ತು ಲಕ್ಷ ದಾಟುತ್ತದೆ!

ಎಲ್ಲ ಬ್ಯಾಕ್ಟೀರಿಯಗಳೂ ಶತ್ರುಗಳಲ್ಲ. ಹಾಲನ್ನು ಮೊಸರಾಗಿಸುವುದೂ ಅವೇ. ನಮ್ಮ ಚರ್ಮ, ಮೂಗು, ಕರುಳುಗಳಲ್ಲಿ ಅವು ಸದಾ ಇರುತ್ತವೆ. ಸುಮಾರು ಹತ್ತು ಜನರಲ್ಲಿ ಮೂವರ ಮೂಗಿನಲ್ಲಿ ಸ್ಟೆಫೈಲೊಕಾಕಸ್ ಎಂಬ ಬ್ಯಾಕ್ಟೀರಿಯ ಯಾವ ತೊಂದರೆಯನ್ನೂ ಕೊಡದೆ ವಾಸಿಸುತ್ತದೆ. ಆದರೆ ಅದೇ ಜೀವಿ ಶಸ್ತ್ರಚಿಕಿತ್ಸೆಯ ಗಾಯದೊಳಗೆ ಹೊಕ್ಕರೆ ಕೀವು, ಜ್ವರ. ಆಸ್ಪತ್ರೆಯಲ್ಲಿ ತೊಂದರೆ ಹೆಚ್ಚಾಗುವುದು ಇದಕ್ಕೇ. ಅಲ್ಲಿರುವವರ ಮೈಯಲ್ಲಿ ಮೊದಲೇ ಶಕ್ತಿಯಿಲ್ಲ. ಚರ್ಮವೆಂಬ ಕೋಟೆಯಲ್ಲಿ ಗಾಯದ, ಸೂಜಿಯ, ಗ್ಲೂಕೋಸ್ ನಳಿಕೆಯ ತೂತುಗಳಿರುತ್ತವೆ. ಒಂದು ಹಾಸಿಗೆಯಿಂದ ಮತ್ತೊಂದಕ್ಕೆ ಓಡಾಡುವ ಕೈಗಳೂ ಬಹಳ.

ಇದು ಹಳೆಯ ಕಾಲದ ಕತೆಯಷ್ಟೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೊಟ್ಟ ಲೆಕ್ಕದಂತೆ, ಶ್ರೀಮಂತ ದೇಶಗಳಲ್ಲಿ ಆಸ್ಪತ್ರೆಗೆ ದಾಖಲಾಗುವ ಪ್ರತಿ 100 ರೋಗಿಗಳಲ್ಲಿ 7 ಮಂದಿಗೆ, ಇತರ ದೇಶಗಳಲ್ಲಿ 15 ಮಂದಿಗೆ ಆಸ್ಪತ್ರೆಯಲ್ಲೇ ಹೊಸ ಸೋಂಕು ತಗಲುತ್ತದೆ.

ನಿಮ್ಮ ಊರಿನ ಆಸ್ಪತ್ರೆಯಲ್ಲಿ ನೋಡಿ

ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದಾಗ ಸುಮ್ಮನೆ ಬೆಂಚಿನ ಮೇಲೆ ಕೂರಬೇಡಿ, ಸುತ್ತ ಕಣ್ಣಾಡಿಸಿ. ಸಿಂಕಿನ ಮೇಲೆ ಕೈ ತೊಳೆಯುವ ಕ್ರಮದ ಚಿತ್ರ ಇರಬಹುದು. ಸೋಪಿನಿಂದಾದರೆ ಒಟ್ಟು 40ರಿಂದ 60 ಸೆಕೆಂಡು, ಆಲ್ಕೋಹಾಲ್ ದ್ರವದಿಂದಾದರೆ 20ರಿಂದ 30 ಸೆಕೆಂಡು ಕೈ ಉಜ್ಜಬೇಕು. ಸೋಪು ಜಿಡ್ಡನ್ನು ಬಿಡಿಸಿ, ಅದಕ್ಕೆ ಅಂಟಿದ ಬ್ಯಾಕ್ಟೀರಿಯವನ್ನೂ ನೀರಿನೊಡನೆ ಸಾಗಿಸುತ್ತದೆ. ಆಲ್ಕೋಹಾಲ್ ಅವನ್ನು ಕೈಯ ಮೇಲೆಯೇ ಕೊಲ್ಲುತ್ತದೆ. ಆದರೆ ಕೈಗೆ ಕೆಸರೋ ರಕ್ತವೋ ಮೆತ್ತಿದ್ದರೆ ಆಲ್ಕೋಹಾಲ್ ಸಾಲದು, ಸೋಪೇ ಬೇಕು. ಬೀಜಕಗಳಾಗಿ ಗಟ್ಟಿ ಕವಚ ತೊಟ್ಟು ಕುಳಿತ ಬ್ಯಾಕ್ಟೀರಿಯಗಳಿಗೂ ಆಲ್ಕೋಹಾಲ್ ನಾಟುವುದಿಲ್ಲ.

ದಾದಿಯರಾಗಲಿ ವೈದ್ಯರಾಗಲಿ ಕೈ ತೊಳೆಯಬೇಕಾದದ್ದು ದಿನಕ್ಕೊಮ್ಮೆಯಲ್ಲ. ರೋಗಿಯನ್ನು ಮುಟ್ಟುವ ಮುಂಚೆ, ಸೂಜಿ ಚುಚ್ಚುವ ಅಥವಾ ಗಾಯ ಕಟ್ಟುವ ಮುಂಚೆ, ರಕ್ತ ಕೀವು ತಗುಲಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ಕೊನೆಗೆ ರೋಗಿಯ ಮಂಚವನ್ನೋ ಹೊದಿಕೆಯನ್ನೋ ಮುಟ್ಟಿದರೂ ಸಹ. ಕೊನೆಯದು ಏಕೆಂದು ಯೋಚಿಸಿ. ಕೈಗವಸು ಹಾಕಿಕೊಂಡರೆ ಸಾಕಲ್ಲವೇ ಎಂದು ಕೆಲವರು ಕೇಳುತ್ತಾರೆ. ಅದೇ ಕೈಗವಸಿನಲ್ಲಿ ಹತ್ತು ರೋಗಿಗಳನ್ನು ಮುಟ್ಟಿದರೆ ವಿಯೆನ್ನಾದ ವೈದ್ಯರಿಗೂ ಇವರಿಗೂ ಏನು ವ್ಯತ್ಯಾಸ?

ಉಪಕರಣಗಳನ್ನು ಶುದ್ಧಮಾಡುವ ಆಟೋಕ್ಲೇವ್ ಎಂಬ ಯಂತ್ರ ನಿಮ್ಮ ಅಡುಗೆಮನೆಯ ಕುಕ್ಕರಿನ ಅಣ್ಣನಿದ್ದಂತೆ. ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ, ಆದರೆ ಆ ಬಿಸಿಗೆ ಬೀಜಕಗಳೆಲ್ಲ ಸಾಯುವುದಿಲ್ಲ. ಒತ್ತಡದಲ್ಲಿ ಹಬೆಯನ್ನು 121 ಡಿಗ್ರಿಗೆ ಏರಿಸಿ ಕನಿಷ್ಠ 15 ನಿಮಿಷ ಇಟ್ಟರೆ ಅವೂ ಉಳಿಯವು. ಲಸಿಕೆ ಹಾಕುವ ಸಿರಿಂಜನ್ನು ಗಮನಿಸಿದ್ದೀರಾ? ಒಮ್ಮೆ ಪೂರ್ತಿ ಒತ್ತಿದರೆ ಅದು ಬಿಗಿದುಕೊಳ್ಳುತ್ತದೆ, ಮತ್ತೆ ಎಳೆಯಲು ಬರುವುದಿಲ್ಲ. ಯಾರೂ ಎರಡನೇ ಸಲ ಬಳಸಬಾರದೆಂದೇ ಹಾಗೆ ಮಾಡಿದ್ದಾರೆ. ಮೂಲೆಯಲ್ಲಿ ಹಳದಿ, ಕೆಂಪು, ನೀಲಿ, ಬಿಳಿ ಡಬ್ಬಗಳೂ ಇರುತ್ತವೆ. ರಕ್ತ ಮೆತ್ತಿದ ಹತ್ತಿ ಹಳದಿಗೆ, ಪ್ಲಾಸ್ಟಿಕ್ ನಳಿಕೆ ಕೆಂಪಿಗೆ, ಗಾಜು ನೀಲಿಗೆ, ಸೂಜಿ ಬಿಳಿಗೆ. ಇದು 2016ರ ನಿಯಮ. ನೀವು ಅವುಗಳ ಹತ್ತಿರ ಸುಳಿಯಬೇಡಿ, ದೂರದಿಂದಲೇ ನೋಡಿ.

ಬಾಣಂತಿಯನ್ನು ನೋಡಲು ಹೋಗುವಾಗ ಇಡೀ ಬಂಧುಬಳಗವೇ ಹೊರಡುವುದು ನಮ್ಮಲ್ಲಿ ವಾಡಿಕೆ. ಪ್ರೀತಿಯೇನೋ ಸರಿ. ಆದರೆ ಬಸ್ಸಿನ ಕಂಬಿ ಹಿಡಿದು ಬಂದ ಕೈಯಲ್ಲೇ ಮಗುವನ್ನು ಎತ್ತಿಕೊಳ್ಳುತ್ತೇವೆ, ಮಂಚದ ಮೇಲೆ ಸಾಲಾಗಿ ಕೂರುತ್ತೇವೆ. ನೆಗಡಿ, ಜ್ವರ ಇದ್ದರೆ ಹೋಗದಿರುವುದೇ ಮೇಲು. ಹೋದರೂ ಕೈ ತೊಳೆದೇ ಒಳಹೋಗಿ, ಮಂಚ ಬಿಟ್ಟು ಬೆಂಚಿನ ಮೇಲೆ ಕುಳಿತುಕೊಳ್ಳಿ. ಅಜ್ಜಿ, ಮಾವ ಮರೆತರೆ ಮೆಲ್ಲನೆ ಸಿಂಕು ತೋರಿಸಿ.

ಆಂಟಿಬಯೋಟಿಕ್ ಔಷಧಿಗಳಿವೆಯಲ್ಲ, ಮತ್ತೇಕೆ ಇಷ್ಟು ಶ್ರಮ? ಪ್ರಶ್ನೆ ಸರಿಯಾಗಿದೆ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕಂಡುಹಿಡಿದರು. 1940ರ ದಶಕದಲ್ಲಿ ಅದು ಬಳಕೆಗೆ ಬಂದಾಗ ಆಸ್ಪತ್ರೆಯ ನಂಜು ಮುಗಿದೇ ಹೋಯಿತೆಂದು ಹಲವರು ಹಿಗ್ಗಿದರು. ಆದರೆ ಲಕ್ಷಾಂತರ ಬ್ಯಾಕ್ಟೀರಿಯಗಳಲ್ಲಿ ಒಂದೆರಡಕ್ಕೆ ಔಷಧಿಯನ್ನು ತಡೆದುಕೊಳ್ಳುವ ಗುಣ ಇರುತ್ತದೆ. ಉಳಿದವು ಸತ್ತ ಮೇಲೆ ಜಾಗವೆಲ್ಲ ಅವುಗಳದೇ. ಪೆನಿಸಿಲಿನ್‌ಗೆ ಬಗ್ಗದ ಸ್ಟೆಫೈಲೊಕಾಕಸ್‌ಗಾಗಿ ಮೆಥಿಸಿಲಿನ್ ಎಂಬ ಹೊಸ ಔಷಧಿ ತಂದರು. 1961ರಷ್ಟರಲ್ಲೇ ಇಂಗ್ಲೆಂಡಿನಲ್ಲಿ ಅದಕ್ಕೂ ಬಗ್ಗದ ಬ್ಯಾಕ್ಟೀರಿಯ ಸಿಕ್ಕಿತು. ಮನೆಯಲ್ಲಿರುವ ಮಾತ್ರೆಯ ಸ್ಟ್ರಿಪ್‌ಗಳನ್ನು ದೊಡ್ಡವರ ಜೊತೆ ಕೂತು ನೋಡಿ. ಕೆಲವುಗಳ ಮೇಲೆ ಉದ್ದಕ್ಕೆ ಕೆಂಪು ಗೆರೆ ಇರುತ್ತದೆ. ವೈದ್ಯರು ಬರೆದುಕೊಡದೆ ಅವನ್ನು ಕೊಳ್ಳಬಾರದು, ನುಂಗಬಾರದು ಎಂಬ ಗುರುತು ಅದು. ಔಷಧಿಗೆ ಬಗ್ಗದ ಬ್ಯಾಕ್ಟೀರಿಯವನ್ನೂ ಸೋಪು ನೀರು ಕೈಯಿಂದ ತೊಳೆದು ಹಾಕುತ್ತದೆ. ಸೋಪಿಗೆ ಎರಡೂ ಒಂದೇ.

ಮಾಡಿ ನೋಡಿ

ಬೇಕಾದದ್ದು: ಒಂದು ಚಮಚ ಕೊಬ್ಬರಿ ಎಣ್ಣೆ, ಅರಿಶಿನ ಪುಡಿ, ಸೋಪು, ನೀರು ಮತ್ತು ಆರು ಮಂದಿ ಗೆಳೆಯರು. ಹಳೆಯ ಬಟ್ಟೆ ತೊಟ್ಟಿದ್ದರೆ ಒಳ್ಳೆಯದು, ಅರಿಶಿನದ ಕಲೆ ಬೇಗ ಹೋಗದು. ಆಟ ಮುಗಿಯುವ ತನಕ ಕಣ್ಣು ಮುಟ್ಟಬೇಡಿ.

ಮೊದಲನೆಯವನು ಅಂಗೈಗೆ ಎಣ್ಣೆ ಸವರಿ ಅರಿಶಿನ ಉಜ್ಜಿಕೊಳ್ಳಲಿ. ಅವನು ಎರಡನೆಯವಳ ಕೈ ಕುಲುಕಲಿ, ಅವಳು ಮೂರನೆಯವನದು, ಹೀಗೇ ಆರನೆಯವರ ತನಕ. ಹಳದಿ ಎಲ್ಲಿಯವರೆಗೆ ಹೋಯಿತು? ನಡುವೆ ಯಾರಾದರೂ ಬಾಗಿಲ ಚಿಲಕ, ನೋಟ್‌ಬುಕ್ ಮುಟ್ಟಿದರೇ? ಅಲ್ಲೂ ಹುಡುಕಿ.

ಈಗ ಇಬ್ಬರು ಬರೀ ನೀರಿನಲ್ಲಿ, ಇಬ್ಬರು ಸೋಪಿನಿಂದ ಐದು ಸೆಕೆಂಡು, ಉಳಿದಿಬ್ಬರು ಸೋಪಿನಿಂದ 40 ಸೆಕೆಂಡು ಕೈ ತೊಳೆಯಿರಿ. ಹೆಬ್ಬೆರಳ ಸುತ್ತ, ಬೆರಳ ಸಂದು, ಉಗುರಿನ ಕೆಳಗೆ ಎಷ್ಟು ಹಳದಿ ಉಳಿದಿದೆ ಎಂದು ಪಟ್ಟಿ ಮಾಡಿ. ಎಲ್ಲರೂ ಒಂದೇ ಪ್ರಮಾಣದ ಅರಿಶಿನದಿಂದ ಆರಂಭಿಸಲಿಲ್ಲ ಅಲ್ಲವೇ? ಹೋಲಿಕೆ ಸರಿಯಾಗಬೇಕಾದರೆ ಪ್ರಯೋಗವನ್ನು ಹೇಗೆ ಬದಲಿಸುತ್ತೀರಿ? ನೀವೇ ಯೋಚಿಸಿ, ಮತ್ತೊಮ್ಮೆ ಮಾಡಿ.

ಸೋಪು ಹಚ್ಚಿದ ಕೂಡಲೇ ಕೈ ಕೆಂಪಗಾದರೆ ಗಾಬರಿಯಾಗಬೇಡಿ, ಅದು ರಕ್ತವಲ್ಲ. ಸೋಪಿಗೂ ಅರಿಶಿನಕ್ಕೂ ಏನಾಯಿತು ಎಂಬುದು ಆಮ್ಲ ಮತ್ತು ಪ್ರತ್ಯಾಮ್ಲಗಳ ಪಾಠದಲ್ಲಿದೆ.